ಬಾಡಿಗೆ ಮನೆಗೆ ಹಿಡಿದ ಬೂಷ್ಟು ಯಾರ ಹೊಣೆ?

ಮಗು ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆಯೆಂದು ದೂರಿದಾಗ ಮನೆ ಮಾಲೀಕರಿಂದ ಬರುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ನೀವು ಕಿಟಕಿ ತೆರೆಯುವುದಿಲ್ಲ, ಒದ್ದೆ ಬಟ್ಟೆಯನ್ನು ಒಳಗೇ ಒಣಗಿಸುತ್ತೀರಿ. ಪರದೇಶದಲ್ಲಿ ಹೊಸದಾಗಿ ನೆಲೆಸಿದವರು ಅಲ್ಲಿನ ಮನೆಗಳ ರೀತಿ ತಮಗೆ ತಿಳಿಯದೆಂಬ ಅಳುಕಿನಿಂದ ಈ ಆರೋಪವನ್ನು ಮರುಮಾತಿಲ್ಲದೆ ಒಪ್ಪಿಕೊಂಡುಬಿಡುತ್ತಾರೆ. ಆರೋಪ ಕೆಲವೊಮ್ಮೆ ನಿಜವೂ ಇರಬಹುದು. ಆದರೆ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕದೆ ಹೊಣೆಯನ್ನು ಯಾರ ಮೇಲೂ ಹೊರಿಸಲಾಗದು.

ಛಾವಣಿ ಸೋರುತ್ತಿದ್ದರೆ, ಗೋಡೆಯೊಳಗಿನ ಕೊಳವೆ ಒಸರುತ್ತಿದ್ದರೆ, ನೆಲದ ತೇವ ಗೋಡೆಗೇರುತ್ತಿದ್ದರೆ ಅದು ಕಟ್ಟಡದ ದೋಷ. ಅಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ. ತೊಡಕಿರುವುದು ಸ್ನಾನ, ಅಡುಗೆ, ಉಸಿರಿನ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವ ಸಂದರ್ಭದಲ್ಲಿ. ಆವಿ ನಮ್ಮದೇ, ಸರಿ. ಆದರೆ ಗೋಡೆ ಅಷ್ಟೊಂದು ತಣ್ಣಗಿರುವುದಕ್ಕೆ ಇನ್ಸುಲೇಷನ್ (ಚಳಿ ತಡೆಯುವ ಪದರ) ಇಲ್ಲದಿರುವುದೂ, ಆವಿ ಒಳಗೇ ಉಳಿಯುವುದಕ್ಕೆ ಸ್ನಾನದ ಕೋಣೆಯ ಎಕ್ಸಾಸ್ಟ್ ಫ್ಯಾನ್ ಕೆಟ್ಟಿರುವುದೂ ಕಾರಣವಾಗಿರಬಹುದು. ಹೀಗಾಗಿ ಗಾಳಿಯ ತೇವಾಂಶ ಅಳೆಯುವ ಸಣ್ಣ ಮೀಟರನ್ನು ಕೋಣೆಯಲ್ಲಿಟ್ಟು ಅದರ ಅಂಕಿಗಳನ್ನು ದಿನವೂ ಬರೆದಿಡುವುದು ಒಳಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯಂತೆ ಮನೆಯೊಳಗಿನ ತೇವಾಂಶ ಶೇ 60ನ್ನು ಮೀರಬಾರದು, ಶೇ 30ರಿಂದ 50ರ ನಡುವೆ ಇದ್ದರೆ ಇನ್ನೂ ಉತ್ತಮ. ಆ ಮಿತಿಯೊಳಗಿದ್ದೂ ಒಂದೇ ಮೂಲೆ ಮತ್ತೆ ಮತ್ತೆ ಕಪ್ಪಾಗುತ್ತಿದ್ದರೆ ಸಂಶಯ ಗೋಡೆಯತ್ತ ತಿರುಗಬೇಕು.

ಕಾನೂನು ದೇಶಕ್ಕೊಂದು ಬಗೆ. ಇಂಗ್ಲೆಂಡಿನ 2018ರ ಕಾಯ್ದೆಯ ಪ್ರಕಾರ ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು. ಆದರೆ ಬಾಡಿಗೆದಾರರ ನಡತೆಯಿಂದಲೇ ಆದ ಹಾನಿಗೆ ಮಾಲೀಕರು ಹೊಣೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಿಷಯ ಮಾಲೀಕರ ಗಮನಕ್ಕೆ ಬಂದ ಮೇಲಷ್ಟೇ ಬೂಷ್ಟಿನ ದುರಸ್ತಿಯ ಹೊಣೆ ಅವರ ಮೇಲೆ ಬೀಳುತ್ತದೆ. ಜರ್ಮನಿಯಲ್ಲಿ ದೋಷವಿರುವ ಮನೆಯ ಬಾಡಿಗೆ ಕಾನೂನಿನಂತೆಯೇ ತಗ್ಗುತ್ತದೆ, ಆದರೆ ಕಟ್ಟಿದ ಕಾಲದ ಮಾನದಂಡಕ್ಕೆ ಹೊಂದುವ ಹಳೆಯ ಕಟ್ಟಡದ ತಣ್ಣನೆಯ ಗೋಡೆ ತಾನಾಗಿಯೇ ದೋಷವಲ್ಲವೆಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರಲ್ಲಿ ಹೇಳಿದೆ. ಆದ್ದರಿಂದ ಇನ್ನೊಂದು ದೇಶದಲ್ಲಿರುವ ಗೆಳೆಯರ ಮಾತು ಕೇಳಿ ಬಾಡಿಗೆ ನಿಲ್ಲಿಸುವುದು ಅಪಾಯದ ಕೆಲಸ. ಎಷ್ಟೋ ಕಡೆ ಅದು ಬಾಕಿಯಾಗಿ, ಮನೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗುತ್ತದೆ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ತೀರಿಕೊಂಡದ್ದು ಮನೆಯ ಬೂಷ್ಟಿನಿಂದ ಬಂದ ಉಸಿರಾಟದ ತೊಂದರೆಯಿಂದ ಎಂದು 2022ರ ಮರಣ ವಿಚಾರಣೆ ತೀರ್ಮಾನಿಸಿತು. ಸುಡಾನಿನಿಂದ ಬಂದ ಮಗುವಿನ ತಂದೆ 2017ರಲ್ಲೇ ದೂರಿದ್ದರು. ಬಣ್ಣ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಅಲ್ಲಿನ ಸಾಮಾಜಿಕ ವಸತಿ ಮನೆಗಳಿಗೆ (ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ) ಅನ್ವಯಿಸುತ್ತಿದೆ. ತೀವ್ರ ಅಪಾಯವಿರಬಹುದಾದ ತೇವ ಮತ್ತು ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ತುರ್ತು ಅಪಾಯವಾದರೆ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು.

ನಾವಿರುವ ದೇಶ ಯಾವುದೇ ಆಗಲಿ, ದೂರವಾಣಿಯಲ್ಲಿ ಹೇಳಿ ಸುಮ್ಮನಾಗದೆ ದಿನಾಂಕ ಸಹಿತ ಇಮೇಲ್ ಬರೆಯಬೇಕು, ಒರೆಸುವ ಮೊದಲು ಫೋಟೊ ತೆಗೆಯಬೇಕು. ಮಗುವಿಗೆ ಉಬ್ಬಸವಿದ್ದರೆ ವೈದ್ಯರಿಂದ ಪತ್ರ ಪಡೆದು ಆ ಇಮೇಲಿಗೇ ಲಗತ್ತಿಸುವುದು ಮೇಲು. ದುರಸ್ತಿ ಆಗುವವರೆಗೆ ಸಾಧ್ಯವಾದರೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ.