ಎಲೆ ಉದುರಿದ ಮೇಲೆ ಹಿತ್ತಿಲಿನ ಹಣ್ಣಿನ ತೋಟದಲ್ಲಿ ನೋಡುವುದಕ್ಕೆ ಏನಿದೆ?

ಪ್ರಶ್ನೆ: ಹಿತ್ತಿಲಮೂಲೆ

ಮನೆಯ ಹಿಂದೆ ಎರಡು ಸೇಬಿನ ಮರಗಳು, ಒಂದು ಪಿಯರ್, ಒಂದು ಪೀಚ್ ಮತ್ತು ಬೇಲಿಗೆ ಹಬ್ಬಿಸಿದ ದ್ರಾಕ್ಷಿಬಳ್ಳಿ ಇವೆ. ಅವುಗಳ ನಡುನಡುವೆ ಹೂವಿನ ಪಾತಿಗಳೂ ಸ್ವಲ್ಪ ತರಕಾರಿಯೂ ಇವೆ. ಹೂ ಬಿಡುವ ಕಾಲದಿಂದ ಕೊನೆಯ ಹಣ್ಣು ಕೀಳುವವರೆಗೆ ತೋಟಕ್ಕೆ ಹೋಗಲು ಯಾವ ನೆಪವೂ ಬೇಕಾಗುವುದಿಲ್ಲ. ಚಳಿ ಬಲಿತ ಮೇಲೆ ಮಾತ್ರ ಅಲ್ಲಿಗೆ ಹೋಗುವುದೆಂದರೆ ಒಣಗಿದ್ದನ್ನು ಗುಡಿಸುವುದು, ಕತ್ತರಿಸುವುದು, ಮುಚ್ಚುವುದು ಇಷ್ಟೇ ಆಗಿಬಿಟ್ಟಿದೆ. ಚಳಿಗಾಲದ ಕೆಲಸಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ನಾನು ಕೇಳುತ್ತಿರುವುದು ಅದನ್ನಲ್ಲ. ಈ ಮೂರು ನಾಲ್ಕು ತಿಂಗಳು ತೋಟದ ಸುಖವನ್ನು ಬಿಟ್ಟುಕೊಡದವರು ಅಲ್ಲಿ ಏನನ್ನು ನೋಡುತ್ತಾರೆ, ಅದಕ್ಕಾಗಿ ಏನನ್ನು ಬೆಳೆಸುತ್ತಾರೆ, ಯಾವ ಕೆಲಸವನ್ನು ಬೇಕೆಂದೇ ಮಾಡದೆ ಬಿಡುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಹಳೇ ಸೇಬಿನಮರ

ನನ್ನ ಮಟ್ಟಿಗೆ ಹಣ್ಣಿನ ಮರವನ್ನು ಸರಿಯಾಗಿ ನೋಡಲು ಸಿಗುವುದು ಚಳಿಗಾಲದಲ್ಲಿ ಮಾತ್ರ. ಎಲೆಗಳಿರುವಾಗ ನಮಗೆ ಕಾಣುವುದು ಹಸಿರಿನ ಒಂದು ರಾಶಿ. ಅದು ಉದುರಿದ ಮೇಲೆ ಯಾವ ಕೊಂಬೆ ಯಾವುದನ್ನು ಉಜ್ಜುತ್ತಿದೆ, ಯಾವುದು ಒಳಮುಖವಾಗಿ ತಿರುಗಿದೆ, ಹೋದ ವರ್ಷ ಮರ ಎಷ್ಟು ಬೆಳೆದಿದೆ ಎಂಬುದೆಲ್ಲ ಬಯಲಾಗುತ್ತದೆ. ಕಡ್ಡಿಯ ತುದಿಯಿಂದ ಹಿಂದಕ್ಕೆ ಬೆರಳಾಡಿಸುತ್ತ ಬಂದರೆ ಒಂದೆಡೆ ತೊಗಟೆಯ ಮೇಲೆ ಸುತ್ತಲೂ ಒತ್ತೊತ್ತಾದ ಸಣ್ಣ ಗೆರೆಗಳು ಸಿಗುತ್ತವೆ. ಹಿಂದಿನ ಚಳಿಗಾಲದ ತುದಿಮೊಗ್ಗು ಇದ್ದ ಜಾಗ ಅದು. ಅಲ್ಲಿಂದ ತುದಿಯವರೆಗಿನ ಉದ್ದವೇ ಒಂದು ವರ್ಷದ ಬೆಳವಣಿಗೆ. ಆ ಉದ್ದ ಗೇಣಿಗಿಂತ ಬಹಳ ಕಡಿಮೆಯಿದ್ದರೆ ಮರ ಸೊರಗಿದೆ ಎಂದೂ, ಮೊಳಕ್ಕಿಂತ ಬಹಳ ಹೆಚ್ಚಿದ್ದರೆ ಗೊಬ್ಬರವೋ ಸವರಿದ್ದೋ ಅತಿಯಾಗಿದೆ ಎಂದೂ ಸುಮಾರಾಗಿ ಹೇಳಬಹುದು.

ಇನ್ನು ಮೊಗ್ಗುಗಳು. ಸೇಬು ಮತ್ತು ಪಿಯರ್ ಮರಗಳಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಹಳೆಯ ಕೊಂಬೆಗಳ ಮೇಲೆ ಗಂಟುಗಂಟಾದ ಗಿಡ್ಡ ಕಡ್ಡಿಗಳಿರುತ್ತವೆ, ಹೂಮೊಗ್ಗುಗಳು ಹೆಚ್ಚಾಗಿ ಅವುಗಳ ತುದಿಯಲ್ಲಿರುತ್ತವೆ. ಸೇಬಿನ ಹೂಮೊಗ್ಗು ದುಂಡಗೆ ಉಬ್ಬಿ, ಬೂದುಬಣ್ಣದ ನವಿರಾದ ರೋಮ ಹೊದ್ದಿರುತ್ತದೆ; ಎಲೆಮೊಗ್ಗು ಚಪ್ಪಟೆಯಾಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ. ಪೀಚ್ ಮರದ ಲೆಕ್ಕ ಬೇರೆ. ಅದು ಹಿಂದಿನ ವರ್ಷ ಬೆಳೆದ ಕೆಂಪು ಛಾಯೆಯ ಕಡ್ಡಿಯ ಮೇಲೆಯೇ ಹೂ ಬಿಡುತ್ತದೆ, ಒಂದೇ ಗೆಣ್ಣಿನಲ್ಲಿ ಮೂರು ಮೊಗ್ಗುಗಳಿದ್ದರೆ ಸಾಮಾನ್ಯವಾಗಿ ನಡುವಿನ ಚೂಪಾದದ್ದು ಎಲೆಯದು, ಎರಡು ಬದಿಯ ದಪ್ಪನಾದವು ಹೂವಿನವು. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಬೆಳಗಿನ ಹೊತ್ತು ಮರದ ಈಚೆ ಬದಿಯಲ್ಲಿ ಸೂರ್ಯನಿಗೆ ಎದುರಾಗಿ ನಿಂತರೆ ಹೂಮೊಗ್ಗಿನ ರೋಮವೆಲ್ಲ ಬೆಳಕು ಹಿಡಿದು ಬೆಳ್ಳಗೆ ಕಾಣುತ್ತದೆ, ಎಲೆಮೊಗ್ಗು ಕಪ್ಪಗೆ ಉಳಿಯುತ್ತದೆ. ಮುಂದಿನ ಬೆಳೆ ಎಷ್ಟು ಬರಬಹುದೆಂಬ ಅಂದಾಜು ಅಷ್ಟರಲ್ಲೇ ಸಿಕ್ಕಿಬಿಡುತ್ತದೆ. ಈ ಮೊಗ್ಗುಗಳು ರೂಪುಗೊಂಡದ್ದು ಹಿಂದಿನ ಬೇಸಿಗೆಯಲ್ಲಿ, ಅಂದರೆ ಮರದಲ್ಲಿ ಈ ವರ್ಷದ ಕಾಯಿ ಇನ್ನೂ ಎಳೆಯದಾಗಿದ್ದಾಗ.

ಮರ ಸುಮ್ಮನೆ ನಿಂತಿದೆ ಎಂದುಕೊಳ್ಳಬೇಡಿ. ಅದು ಚಳಿಯನ್ನು ಲೆಕ್ಕ ಹಾಕುತ್ತಿರುತ್ತದೆ. ಸುಮಾರು 0 ರಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ಚಳಿ ಸಾಕಷ್ಟು ಗಂಟೆಗಳ ಕಾಲ ಸಿಗದಿದ್ದರೆ ಮೊಗ್ಗು ಸರಿಯಾಗಿ ಬಿರಿಯುವುದಿಲ್ಲ. ಸೇಬಿನ ಅನೇಕ ತಳಿಗಳಿಗೆ ಇಂಥ 800 ರಿಂದ 1,000 ಗಂಟೆಗಳು ಬೇಕು, ‘ಅನ್ನಾ’ದಂಥ ಕಡಿಮೆ ಚಳಿಯ ತಳಿಗಳಿಗೆ 300 ಗಂಟೆಗಳೊಳಗೇ ಸಾಕು. ತಂಪಾದ ದಿನಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಕೊರೆಯುವ ಬೆಳಗೂ ಬೇಸರ ತರಿಸುವುದಿಲ್ಲ.

ಉತ್ತರ: ಕತ್ತರಿ ಕೆಳಗಿಡಿ

ಯಾವ ಕೆಲಸವನ್ನು ಬಿಡಬೇಕು ಎಂದು ಕೇಳಿದ್ದೀರಿ. ಮೊದಲು ಗುಡಿಸುವುದನ್ನು ಅರ್ಧಕ್ಕೆ ಇಳಿಸಿ. ಒಣಗಿದ ಹೂಗೊಂಚಲುಗಳನ್ನು ನಿಲ್ಲಲು ಬಿಟ್ಟರೆ ಬೀಜ ತಿನ್ನುವ ಹಕ್ಕಿಗಳು ಬರುತ್ತವೆ, ಟೊಳ್ಳು ಕಾಂಡಗಳೊಳಗೆ ಒಂಟಿ ಜೇನುಗಳು ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ನಿಮ್ಮ ಸೇಬಿನ ಹೂವಿಗೆ ಪರಾಗ ತರುವವರಲ್ಲಿ ಅವೂ ಸೇರಿವೆ. ಹೂಪಾತಿಯ ಒಣ ಎಲೆ ಅಲ್ಲೇ ಕೊಳೆಯಲಿ.

ಆದರೆ ಹಣ್ಣಿನ ಮರದ ಬುಡಕ್ಕೆ ಈ ಔದಾರ್ಯ ಸಲ್ಲದು. ಕೊಂಬೆಯಲ್ಲೇ ಸುಕ್ಕುಗಟ್ಟಿ ಕಪ್ಪಾಗಿ ನೇತಾಡುವ ಪೀಚ್ ಕಾಯಿಗಳಲ್ಲಿ ಕಂದು ಕೊಳೆರೋಗದ ಶಿಲೀಂಧ್ರ ಚಳಿಗಾಲ ಕಳೆದು ಹೂವಿನ ಹೊತ್ತಿಗೆ ಮತ್ತೆ ಹರಡುತ್ತದೆ, ಹಾಗೆಯೇ ಸೇಬಿನ ಚುಕ್ಕೆರೋಗ ಬಿದ್ದ ಎಲೆಗಳಲ್ಲಿ ಉಳಿದುಕೊಳ್ಳುತ್ತದೆ. ಇವೆರಡನ್ನೂ ತೆಗೆದು ದೂರ ಹಾಕಲೇಬೇಕು. ಬುಡಕ್ಕೆ ಹೊದಿಕೆ ಹಾಕುವುದಾದರೆ ಕಾಂಡದಿಂದ ಅಂಗೈಯಗಲ ಬಿಟ್ಟು ಹಾಕಿ. ಒತ್ತಿ ಹಾಕಿದರೆ ಇಲಿಗಳು ಅದರ ಮರೆಯಲ್ಲಿ ಕುಳಿತು ತೊಗಟೆ ಕೊರೆಯುತ್ತವೆ, ಸುತ್ತಲೂ ತೊಗಟೆ ಹೋದ ಮರ ಉಳಿಯುವುದು ಕಷ್ಟ.

ಹಿಂದಿನ ಉತ್ತರದ ಒಂದು ಅಂಶಕ್ಕೆ ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಮರದ ಅಸ್ಥಿಪಂಜರ ಸ್ಪಷ್ಟವಾಗಿ ಕಂಡ ಕೂಡಲೇ ಕತ್ತರಿ ಹಿಡಿಯಬೇಕೆನಿಸುತ್ತದೆ. ಸೇಬು, ಪಿಯರ್ ಮತ್ತು ದ್ರಾಕ್ಷಿಯನ್ನು ಚಳಿ ಇಳಿಯತೊಡಗಿದಾಗ, ಮೊಗ್ಗು ಬಿರಿಯುವ ಮುನ್ನ ಸವರಿದರೆ ಸಾಕು. ಬಳ್ಳಿಯನ್ನು ತಡವಾಗಿ ಕತ್ತರಿಸಿದಾಗ ಗಾಯದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ಅದರಿಂದ ಬಳ್ಳಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಪೀಚ್, ಪ್ಲಮ್, ಚೆರ್ರಿಗಳನ್ನು ಮಾತ್ರ ತೇವದ ಚಳಿಯಲ್ಲಿ ಮುಟ್ಟಬೇಡಿ, ಏಕೆಂದರೆ ಮರ ಸುಪ್ತವಾಗಿರುವಾಗ ಗಾಯ ಬೇಗ ಮಾಯುವುದಿಲ್ಲ, ಆ ಹಸಿ ಗಾಯದ ಮೂಲಕವೇ ಬೆಳ್ಳಿಎಲೆ ರೋಗದ ಶಿಲೀಂಧ್ರವೂ ಕಾಂಡಕೊಳೆ ತರುವ ಬ್ಯಾಕ್ಟೀರಿಯಾವೂ ಒಳಹೋಗುತ್ತವೆ. ಹೀಗೆ ತಡಮಾಡಿದರೆ ಇನ್ನೊಂದು ಲಾಭವೂ ಇದೆ: ಸವರಿದ ಕಡ್ಡಿಗಳನ್ನು ಎಸೆಯದೆ ಹೂದಾನಿಯ ನೀರಿನಲ್ಲಿಟ್ಟರೆ, ಚಳಿಯ ಅಗತ್ಯ ಅಷ್ಟರಲ್ಲಿ ಪೂರೈಸಿರುವುದರಿಂದ, ಎರಡು ಮೂರು ವಾರಗಳಲ್ಲಿ ಮನೆಯೊಳಗೇ ಹೂ ಬಿಡುತ್ತವೆ.

ಉತ್ತರ: ಕಿಟಕಿಯಂಚು

ಸಂಕ್ಷಿಪ್ತವಾಗಿ ಹೇಳುತ್ತೇನೆ. ಚಳಿಗಾಲದ ತೋಟವನ್ನು ನಾವು ಹೆಚ್ಚು ಹೊತ್ತು ನೋಡುವುದು ಕಿಟಕಿಯಿಂದ. ಆದ್ದರಿಂದ ಆ ಕಿಟಕಿಯ ನೇರಕ್ಕೆ ಏನಿದೆ ಎಂಬುದನ್ನು ಮೊದಲು ಗಮನಿಸಿ. ಕೆಂಪು ಕಾಂಡದ ಡಾಗ್‌ವುಡ್ ಪೊದೆಯನ್ನು ಅಲ್ಲಿ ನೆಟ್ಟು, ಪ್ರತಿ ವರ್ಷ ಚಳಿಗಾಲದ ಕೊನೆಗೆ ಹಳೆಯ ಕಾಂಡಗಳನ್ನು ಬುಡದವರೆಗೆ ಕತ್ತರಿಸುತ್ತ ಬನ್ನಿ. ಎಳೆಯ ಕಾಂಡಕ್ಕೇ ಬಣ್ಣ ಹೆಚ್ಚು. ವಿಚ್ ಹೇಜಲ್ ಎಲೆಯಿಲ್ಲದ ಕಡ್ಡಿಯ ಮೇಲೆ ಹಳದಿ ದಾರದಂಥ ಎಸಳುಗಳನ್ನು ಬಿಚ್ಚುತ್ತದೆ, ಕೊರೆಯುವ ರಾತ್ರಿ ಅವನ್ನು ಸುರುಳಿ ಸುತ್ತಿಕೊಂಡು ಬಿಸಿಲು ಬಂದಾಗ ಮತ್ತೆ ಬಿಚ್ಚುತ್ತದೆ. ಸೇಬಿನ ಮರದಡಿ ಹೆಲಿಬೋರ್ ಮತ್ತು ಸ್ನೋಡ್ರಾಪ್ ನೆಡಬಹುದು. ಮರ ಚಿಗುರಿ ನೆರಳು ಕವಿಯುವ ಮೊದಲೇ ಅವು ಹೂ ಬಿಟ್ಟಿರುತ್ತವೆ.

ತರಕಾರಿ ಪಾತಿಯನ್ನೂ ಪೂರ್ತಿ ಬರಿದು ಮಾಡಬೇಡಿ. ಚಳಿ ತಗುಲಿದ ಕ್ಯಾರೆಟ್ ಮತ್ತು ಕೇಲ್ ತಮ್ಮಲ್ಲಿರುವ ಪಿಷ್ಟದ ಒಂದು ಪಾಲನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ, ಹೆಪ್ಪುಗಟ್ಟುವುದರಿಂದ ಜೀವಕೋಶಗಳನ್ನು ಕಾಪಾಡಿಕೊಳ್ಳುವ ಉಪಾಯ ಅದು. ನಮಗೆ ಸಿಗುವುದು ಸಿಹಿ.

ಕೊನೆಯದಾಗಿ, ಇಬ್ಬನಿ ಹೆಪ್ಪುಗಟ್ಟಿದ ಬೆಳಗು ಒಮ್ಮೆ ಸುತ್ತಾಡಿ, ಬಿಳುಪು ಎಲ್ಲಿ ಬೇಗ ಕರಗುತ್ತದೆ, ಎಲ್ಲಿ ಮಧ್ಯಾಹ್ನದವರೆಗೂ ಉಳಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಬೇಗ ಹೂ ಬಿಡುವ ಮರವನ್ನು ಅಂಥ ತಗ್ಗಿನಲ್ಲಿ ನೆಡಬಾರದು ಎಂಬ ಪಾಠ ಬೇರೆ ಯಾವ ಕಾಲದಲ್ಲೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಮರುಪ್ರಶ್ನೆ: ಹಿತ್ತಿಲಮೂಲೆ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಸೂರ್ಯನಿಗೆ ಎದುರಾಗಿ ನಿಂತು ನೋಡಿದೆ. ಒಂದು ಸೇಬಿನ ಮರದ ತುಂಬ ರೋಮದ ಮೊಗ್ಗುಗಳಿವೆ, ಇನ್ನೊಂದರಲ್ಲಿ ತೀರ ವಿರಳ. ಅದಕ್ಕಿಂತ ಹೆಚ್ಚಾಗಿ ಚಿಂತೆ ಹತ್ತಿಸಿದ್ದು ಪೀಚ್. ಕೆಲವು ದಿನ ಬೆಚ್ಚಗಿದ್ದದ್ದಕ್ಕೇ ಅದರ ಹೂಮೊಗ್ಗುಗಳು ಉಬ್ಬತೊಡಗಿವೆ, ಸೇಬು ಮಾತ್ರ ಅಲುಗಾಡಿಲ್ಲ. ಚಳಿ ಮರಳಿದರೆ ಪೀಚಿನ ಬೆಳೆ ಪೂರ್ತಿ ಹೋಗುತ್ತದೆಯೇ?

ಉತ್ತರ: ಹಳೇ ಸೇಬಿನಮರ

ಸೇಬಿನ ವಿಷಯ ಸರಳ. ಹೋದ ಸಲ ಕಾಯಿಭಾರ ಹೊತ್ತ ಮರ ಆಗಲೇ ಮುಂದಿನ ವರ್ಷದ ಹೂಮೊಗ್ಗು ಕಡಿಮೆ ಮಾಡಿಕೊಂಡಿರುತ್ತದೆ. ಮುಂದೆ ಬೆಳೆ ಹೆಚ್ಚಾದ ವರ್ಷ ಕಾಯಿ ಎಳೆಯದಿರುವಾಗಲೇ ಒಂದಿಷ್ಟು ಕಿತ್ತು ಹಗುರಗೊಳಿಸಿದರೆ ಈ ಏರುಪೇರು ತಗ್ಗುತ್ತದೆ.

ಪೀಚ್ ಮರದ ಸುಪ್ತಾವಸ್ಥೆಯಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಹೊರಗೆ ಎಷ್ಟೇ ಬೆಚ್ಚಗಿದ್ದರೂ ಮೊಗ್ಗು ಏಳುವುದಿಲ್ಲ, ಬೇಕಾದಷ್ಟು ಚಳಿಯ ಗಂಟೆಗಳು ತುಂಬುವವರೆಗೆ ಅದನ್ನು ಒಳಗಿನಿಂದಲೇ ತಡೆಹಿಡಿಯಲಾಗಿರುತ್ತದೆ. ಗಂಟೆಗಳು ತುಂಬಿದ ಮೇಲೆ ಅದನ್ನು ತಡೆಯುವುದು ಹೊರಗಿನ ಚಳಿಯೊಂದೇ. ನಿಮ್ಮ ಪೀಚ್ ತಳಿಗೆ ಬೇಕಾದ ಚಳಿ ಬೇಗ ಪೂರೈಸಿದೆ, ಸೇಬಿನದು ಇನ್ನೂ ಪೂರೈಸಿಲ್ಲ ಅಥವಾ ಅದು ಏಳಲು ಇನ್ನಷ್ಟು ಬಿಸಿ ಬೇಕು. ಎಚ್ಚೆತ್ತ ಮೊಗ್ಗು ಹಂತಹಂತವಾಗಿ ಚಳಿ ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗತಾನೇ ಉಬ್ಬಿದ ಪೀಚ್ ಮೊಗ್ಗುಗಳಲ್ಲಿ ಹತ್ತರಲ್ಲೊಂದು ಸಾಯಲು ಉಷ್ಣತೆ ಸುಮಾರು ಮೈನಸ್ 8 ಡಿಗ್ರಿಗೆ ಇಳಿಯಬೇಕು. ಪೂರ್ತಿ ಅರಳಿದ ಹೂವುಗಳಲ್ಲಿ ಅಷ್ಟೇ ಹಾನಿಗೆ ಮೈನಸ್ 3ರ ಆಸುಪಾಸು ಸಾಕು. ಈಗಿನ ಹಂತದಲ್ಲಿ ನಿಮಗೆ ಸಾಕಷ್ಟು ಅವಕಾಶವಿದೆ.

ಚಳಿ ಬಂದುಹೋದ ಮೇಲೆ ಪರೀಕ್ಷಿಸುವುದೂ ಸುಲಭ. ಮರದ ಬೇರೆ ಬೇರೆ ಎತ್ತರದಿಂದ ಕೆಲವು ಕಡ್ಡಿ ತಂದು, ಒಂದು ದಿನ ಕೋಣೆಯ ಬಿಸಿಯಲ್ಲಿಟ್ಟು, ಹರಿತವಾದ ಬ್ಲೇಡಿನಿಂದ ಹೂಮೊಗ್ಗನ್ನು ಅಡ್ಡಡ್ಡ ಸೀಳಿ ನೋಡಿ. ನಡುವೆ ತಿಳಿಹಸಿರು ಇದ್ದರೆ ಅದು ಬದುಕಿದೆ, ಕಂದು ಚುಕ್ಕೆ ಕಂಡರೆ ಸತ್ತಿದೆ. ಅರ್ಧದಷ್ಟು ಸತ್ತಿದ್ದರೂ ಎದೆಗುಂದಬೇಡಿ, ಎಲ್ಲ ಹೂವೂ ಕಾಯಿಕಟ್ಟಿದರೆ ಬಹುಪಾಲನ್ನು ನೀವೇ ಕೀಳಬೇಕಾಗುತ್ತಿತ್ತು. ಪೀಚ್ ಸವರುವುದನ್ನು ಈ ಪರೀಕ್ಷೆ ಮುಗಿಯುವವರೆಗೆ ಮುಂದೂಡಿ, ಒಣಹವೆಯ ದಿನ ನೋಡಿ ಕತ್ತರಿಸಿ. ಯಾವ ಕೊಂಬೆಯಲ್ಲಿ ಜೀವಂತ ಮೊಗ್ಗು ಹೆಚ್ಚಿದೆಯೋ ಅದನ್ನು ಉಳಿಸಿಕೊಳ್ಳಬಹುದು.