ಹಂಪ್ ಇಳಿಸುವಾಗ ಮುಂದೆ ಟಕ್ ಟಕ್: ಸಸ್ಪೆನ್ಷನ್ ಸವೆದ ಕಾರು ಓಡಿಸಿದವರು ಹೇಳಿ

ಗುಬ್ಬಿಯಿಂದ ಪ್ರಶ್ನೆ

ದಿನಾ ಗುಬ್ಬಿಯಿಂದ ತುಮಕೂರಿಗೆ ಕಾರಿನಲ್ಲಿ ಶಾಲೆಗೆ ಹೋಗಿ ಬರುತ್ತೇನೆ. ಗಾಡಿಗೆ ಒಂಬತ್ತು ವರ್ಷ, 92,000 ಕಿ.ಮೀ. ಓಡಿದೆ. ಮೂರು ತಿಂಗಳಿಂದ ಹಂಪ್ ಇಳಿಸುವಾಗ ಮುಂದೆ ಎಡಗಡೆ ಟಕ್ ಟಕ್ ಎನ್ನುತ್ತದೆ. ಆ ಕಡೆಯ ಟೈರ್ ಒಳಅಂಚಿನಲ್ಲಿ ಮಾತ್ರ ಸವೆದಿದೆ. ಒಂದು ಗ್ಯಾರೇಜಿನವರು "ಪೂರ್ತಿ ಸಸ್ಪೆನ್ಷನ್ ಬದಲಾಯಿಸಬೇಕು" ಎಂದರು, ಅಂದರೆ ಚಕ್ರವನ್ನು ಗಾಡಿಗೆ ಹಿಡಿದು ಕುಲುಕು ತಡೆಯುವ ಸಾಮಾನೆಲ್ಲ. ಇನ್ನೊಬ್ಬರು "ಹಳೇ ಗಾಡಿ ಅಲ್ವಾ, ಶಬ್ದ ಇದ್ದೇ ಇರುತ್ತೆ, ಓಡಿಸಿ ಮೇಡಂ" ಎಂದರು. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ದೇವರಾಯನದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು. ಯಾರ ಮಾತು ಕೇಳಲಿ?

ತುಮಕೂರಿನಿಂದ ಉತ್ತರ

ಮೇಡಂ, ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಗಾಡಿಯನ್ನು ಲಿಫ್ಟಿಗೆ ಹಾಕಿ, ಕೆಳಗೆ ನಿಂತು ನೀವೇ ಕಣ್ಣಾರೆ ನೋಡಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಹಚ್ಚಿದ್ದು ಶಬ್ದ ಅಲ್ಲ, ಟೈರಿನ ಒಳಅಂಚು. ಒಂದೇ ಅಂಚಿನಲ್ಲಿ ಟೈರ್ ಸವೆದಿದೆ ಎಂದರೆ ಚಕ್ರ ನೆಟ್ಟಗೆ ಓಡುತ್ತಿಲ್ಲ ಎಂದೇ ಅರ್ಥ.

ನನಗೆ ಆದದ್ದು ಹೇಳುತ್ತೇನೆ. ನನ್ನದೂ ಹಳೇ ಡೀಸೆಲ್ ಕಾರು. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಹೆಂಡತಿ, ಮಗಳು ಜೊತೆಗಿದ್ದರು. ದಾಬಸ್‌ಪೇಟೆ ದಾಟಿದ ಮೇಲೆ ಹೈವೇಯಲ್ಲಿ 80ರ ವೇಗದಲ್ಲಿದ್ದೆ. ಮುಂದಿದ್ದ ಲಾರಿ ಇಂಡಿಕೇಟರ್ ಹಾಕದೆ ನಮ್ಮ ಲೇನಿಗೆ ಬಂತು. ಬ್ರೇಕ್ ಒತ್ತಿದೆ. ಕಾರಿನ ಮೂತಿ ಮುಗ್ಗರಿಸಿದ ಹಾಗೆ ಕೆಳಗೆ ಹೋಯಿತು. ಸ್ಟೇರಿಂಗ್ ತನ್ನಷ್ಟಕ್ಕೆ ಎಡಕ್ಕೆ ಎಳೆಯಿತು. ಎಡಗಡೆ ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಇಬ್ಬರು ಮಾತಾಡುತ್ತಿದ್ದರು. ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದೆ. ಗಾಡಿ ನಿಂತಾಗ ಲಾರಿಗೂ ನಮ್ಮ ಬಾನೆಟ್ಟಿಗೂ ಒಂದು ಮೊಳ ಜಾಗ ಉಳಿದಿತ್ತು. ಮಗಳ ಊಟದ ಡಬ್ಬಿ ಹಿಂದಿನ ಸೀಟಿನಿಂದ ಹಾರಿ ಗೇರ್ ಹತ್ತಿರ ಬಿದ್ದಿತ್ತು. ಮನೆ ಸೇರುವವರೆಗೂ ಯಾರೂ ಮಾತಾಡಲಿಲ್ಲ.

ಬ್ರೇಕ್ ಕೆಟ್ಟಿದೆ ಅಂದುಕೊಂಡು ಮರುದಿನ ಗ್ಯಾರೇಜಿಗೆ ಹೋದೆ. ಬ್ರೇಕ್ ಪ್ಯಾಡ್ ಚೆನ್ನಾಗಿಯೇ ಇದ್ದವು. ಮೆಕ್ಯಾನಿಕ್ ಗಾಡಿ ಎತ್ತಿಸಿ, ಉದ್ದದ ಕಬ್ಬಿಣದ ರಾಡನ್ನು ಎಡಗಡೆ ಲೋಯರ್ ಆರ್ಮ್ ಸಂದಿಗೆ ಕೊಟ್ಟು ಮೆಲ್ಲಗೆ ಒತ್ತಿದರು. ಬುಷ್‌ನ ರಬ್ಬರ್ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ನನ್ನ ಕಿರುಬೆರಳು ಹೋಗುವಷ್ಟು ದೊಡ್ಡ ಸೀಳು. ರಾಡ್ ಸಡಿಲ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು, ಏನೂ ಆಗಿಲ್ಲವೇನೋ ಎನ್ನುವ ಹಾಗೆ. "ಸುಮ್ನೆ ಬಗ್ಗಿ ನೋಡಿದ್ರೆ ಕಾಣಲ್ಲ ಸರ್, ಒತ್ತಿದಾಗಲೇ ಗೊತ್ತಾಗೋದು" ಎಂದರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿಕೊಂಡು ಕರಿ ಹಿಡಿದ ಬಾಣಲೆಯ ತಳದ ಹಾಗಿತ್ತು.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಲೋಯರ್ ಆರ್ಮ್ ಎಂದರೆ ಚಕ್ರವನ್ನು ಕೆಳಗಡೆಯಿಂದ ಹಿಡಿದಿರುವ ಕಬ್ಬಿಣದ ತೋಳು. ಅದು ಗಾಡಿಯ ಮೈಗೆ ಸೇರುವ ಕಡೆ ರಬ್ಬರ್ ಬುಷ್ ಇರುತ್ತದೆ, ಚಕ್ರದ ಕಡೆ ಬಾಲ್ ಜಾಯಿಂಟ್, ಅಂದರೆ ಗುಂಡಿನ ಹಾಗೆ ತಿರುಗುವ ಕೀಲು. ಬ್ರೇಕ್ ಹಾಕಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಬುಷ್ ಗಟ್ಟಿ ಇದ್ದರೆ ಚಕ್ರ ಅಲ್ಲಾಡುವುದಿಲ್ಲ. ಹರಿದಿದ್ದರೆ ಆ ಒಂದು ಚಕ್ರ ಮಾತ್ರ ಹಿಂದಕ್ಕೆ ಸರಿದು, ಅದರ ಮುಖ ಬೇರೆ ಕಡೆ ತಿರುಗುತ್ತದೆ. ಗಾಡಿ ಒಂದು ಪಕ್ಕಕ್ಕೆ ಎಳೆಯುವುದು ಇದರಿಂದಲೇ. ಮೆಲ್ಲಗೆ ಓಡಿಸುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಜೋರಾಗಿ ಬ್ರೇಕ್ ಹಾಕಬೇಕಾದ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಇನ್ನು ಶಾಕ್ ಅಬ್ಸಾರ್ಬರ್. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯುತ್ತಲೇ ಇರದ ಹಾಗೆ ತಡೆಯುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು, ಆ ಬಿಗಿಯಿಂದಲೇ ಕುಣಿತ ನಿಲ್ಲುತ್ತದೆ. ಎಣ್ಣೆ ಸೋರಿದರೆ, ಒಳಗಿನ ವಾಲ್ವ್ ಸವೆದರೆ ಆ ಬಿಗಿ ಹೋಗುತ್ತದೆ. ಆಗ ಒಂದು ಗುಂಡಿ ದಾಟಿದ ಮೇಲೂ ಚಕ್ರ ಎರಡು ಮೂರು ಸಲ ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದರೂ ಗಾಡಿ ನಿಲ್ಲದು, ಸ್ಟೇರಿಂಗ್ ತಿರುಗಿಸಿದರೂ ತಿರುಗದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಟೈರಿಗೆ ರಸ್ತೆಯ ಹಿಡಿತ ಸಿಕ್ಕರೆ ತಾನೇ ಎಬಿಎಸ್ ಕೆಲಸ ಮಾಡುವುದು? 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ನಮಗೆ ಉಳಿದಿದ್ದು ಒಂದು ಮೊಳ ಎನ್ನುವುದು ನೆನಪಾದರೆ ಈಗಲೂ ಅಂಗೈ ಬೆವರುತ್ತದೆ.

ನನಗೆ ಇದು ಮೊದಲೇ ಯಾಕೆ ತಿಳಿಯಲಿಲ್ಲ? ಯಾಕೆಂದರೆ ಇದು ಒಂದೇ ದಿನ ಕೆಡುವ ಸಾಮಾನಲ್ಲ. ದಿನಾ ಕೂದಲೆಳೆಯಷ್ಟು ಸವೆಯುತ್ತದೆ, ನಮ್ಮ ಕೈಕಾಲು ಅದಕ್ಕೆ ಒಗ್ಗಿಕೊಳ್ಳುತ್ತವೆ. ಆ ಘಟನೆಗೆ ಒಂದು ತಿಂಗಳ ಮುಂಚೆ ನಮ್ಮ ಭಾವ ನನ್ನ ಗಾಡಿ ಓಡಿಸಿ, "ಇದೇನೋ, ದೋಣೀಲಿ ಕೂತ ಹಾಗಿದೆಯಲ್ಲೋ" ಎಂದಿದ್ದರು. ನನಗೆ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ನೀವೂ ನಂಬಿಕಸ್ತರೊಬ್ಬರ ಕೈಗೆ ಒಂದು ದಿನ ಗಾಡಿ ಕೊಟ್ಟು ನೋಡಿ. ನಮಗೆ ಒಗ್ಗಿಹೋಗಿರುವುದು ಅವರಿಗೆ ಬೇಗ ಸಿಗುತ್ತದೆ.

ನಿಮ್ಮ ಟಕ್ ಟಕ್ ಬಗ್ಗೆ: ಸಣ್ಣ ಸಣ್ಣ ಉಬ್ಬು ತಗ್ಗಿನಲ್ಲೂ ಬರುತ್ತಿದ್ದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಕಂಬಿಯನ್ನು ಚಕ್ರದ ಕಡೆಗೆ ಜೋಡಿಸುವ ರಾಡ್ ಅದು. ಸಣ್ಣ ಸಾಮಾನು, ಒಂದು ಟೈರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಆದರೆ ಲಿಂಕ್ ರಾಡ್ ಕೆಟ್ಟರೆ ಟೈರ್ ಒಳಗಡೆ ಸವೆಯುವುದಿಲ್ಲ. ಅದಕ್ಕೆ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ (ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ರಾಡಿನ ತುದಿ) ಮೂರನ್ನೂ ನೋಡಿಸಲೇಬೇಕು. ಅವೆಲ್ಲ ಗಟ್ಟಿ ಇದ್ದರೆ ಬರೀ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ತಪ್ಪಿರಬಹುದು. ಇನ್ನೆರಡು ಮಾತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟಕಟ ಎಂದರೆ ಅದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ ಜಾಯಿಂಟ್, ಸಸ್ಪೆನ್ಷನ್ ಅಲ್ಲ. 80, 90ರಲ್ಲಿ ಸ್ಟೇರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸರಿದೂಗಿಸುವ ಕೆಲಸ, ಮಾಡಿಸಿ ನೋಡಿ.

ಬಾಲ್ ಜಾಯಿಂಟ್ ವಿಷಯದಲ್ಲಿ ಮಾತ್ರ ನನ್ನ ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರಲ್ಲಿ ಸಡಿಲ ಕಂಡರೆ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗಿ. ಅದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ದುರ್ಗದ ತಿರುವುಗಳಲ್ಲಿ ಹಾಗಾಗುವುದನ್ನು ಯೋಚನೆ ಮಾಡುವುದಕ್ಕೂ ಆಗುವುದಿಲ್ಲ.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ತಿಳಿದಿದ್ದರೆ ಒಳ್ಳೆಯದು. ಚಕ್ರ ನೆಲದಿಂದ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸುತ್ತಾರೆ. ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಕಡೆಯದು. ಬುಷ್‌ಗೆ ರಾಡ್ ಕೊಟ್ಟು ಒತ್ತಲೇಬೇಕು. ಮನೆಯಲ್ಲಿ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಗ್ಗುವ ಸಾಹಸ ಬೇಡ. ಮನೆ ಮುಂದೆ ಮಾಡಬಹುದಾದದ್ದು ಒಂದೇ: ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಕೈ ಬಿಡಿ. ಒಂದು ಸಲ ಮೇಲೆದ್ದು ನಿಲ್ಲಬೇಕು, ತೂಗುತ್ತಲೇ ಇದ್ದರೆ ಶಾಕ್ ಹೋಗಿದೆ. ತೂಗಲಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಅರ್ಧ ಸವೆದ ಶಾಕ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಇಳಿದು ಒದ್ದೆಯಾಗಿದ್ದರೆ ಬದಲಾಯಿಸಿ.

ಬದಲಾಯಿಸುವಾಗ ಮೆಕ್ಯಾನಿಕ್‌ಗೆ ಒಂದು ವಿಷಯ ಜ್ಞಾಪಿಸಿ. ಲೋಯರ್ ಆರ್ಮ್ ಬುಷ್‌ನ ಬೋಲ್ಟನ್ನು ಕೊನೆಗೆ ಬಿಗಿ ಮಾಡುವುದು ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ. ಚಕ್ರ ಜೋತು ಬಿದ್ದಿರುವಾಗಲೇ ಬಿಗಿ ಮಾಡಿದರೆ, ಗಾಡಿ ಕೆಳಗಿಳಿದ ತಕ್ಷಣ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವುದು ಈ ಕೆಲಸವೆಲ್ಲಾ ಮುಗಿದ ಮೇಲೆ. ನಾನು ಹರಿದ ಬುಷ್ ಇಟ್ಟುಕೊಂಡೇ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದೆ. ಯಂತ್ರದ ಪರದೆಯಲ್ಲಿ ಎಲ್ಲಾ ಹಸಿರು ತೋರಿಸಿತ್ತು, ರಸ್ತೆಗೆ ಬಂದ ಮೇಲೆ ಚಕ್ರ ಮತ್ತೆ ತನ್ನ ದಾರಿ ಹಿಡಿಯಿತು.

ತಿಪಟೂರಿನಿಂದ

ಮೇಲಿನವರು ಮುಂದಿನ ಚಕ್ರಗಳದ್ದು ಹೇಳಿದರು, ನಾನು ಹಿಂದಿನ ಚಕ್ರಗಳದ್ದು ಹೇಳುತ್ತೇನೆ. ನಮ್ಮ ಕಾರಿನ ಡಿಕ್ಕಿಯಲ್ಲಿ ವಾರಕ್ಕೊಮ್ಮೆ ತೆಂಗಿನಕಾಯಿ ಚೀಲ ಇದ್ದೇ ಇರುತ್ತಿತ್ತು. ಹಿಂದಿನ ಸ್ಪ್ರಿಂಗ್ ಕುಸಿದು ಗಾಡಿ ಕೂತುಬಿಟ್ಟಿತು. ರಾತ್ರಿ ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯಲ್ಲಿ ಎದುರು ಬಂದವರೆಲ್ಲ ನನಗೆ ಲೈಟ್ ಹೊಡೆಯುತ್ತಿದ್ದರು. ಡಿಮ್ ಹಾಕಿದ್ದೇನಲ್ಲ, ಇವರಿಗೇನಾಗಿದೆ ಎಂದುಕೊಳ್ಳುತ್ತಿದ್ದೆ. ಹಿಂದೆ ತಗ್ಗಿದ್ದರಿಂದ ನನ್ನ ಲೈಟ್ ನೇರ ಅವರ ಕಣ್ಣಿಗೆ ಹೋಗುತ್ತಿತ್ತು. ಎಷ್ಟು ಜನರಿಗೆ ಕಣ್ಣು ಕತ್ತಲೆ ಬರಿಸಿದೆನೋ ಎಂದು ಈಗ ಸಂಕಟವಾಗುತ್ತದೆ.

ಒಬ್ಬರು ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ತುಂಡು ಹಾಕಿಸಿಕೊಳ್ಳಿ, ಗಾಡಿ ಎತ್ತರ ಆಗುತ್ತದೆ ಎಂದರು. ಹಾಕಿಸಿದೆ. ಎತ್ತರವೇನೋ ಆಯಿತು. ಸುಸ್ತಾದ ಶಾಕ್ ಹಾಗೇ ಉಳಿಯಿತು, ಸ್ಪ್ರಿಂಗ್ ಇನ್ನೂ ಗಡುಸಾಗಿ ಹಿಂದಿನ ಚಕ್ರ ಕಲ್ಲಿನ ಹಾಗೆ ಪುಟಿಯತೊಡಗಿತು. ಆಮೇಲೆ ದುಡ್ಡು ಉಳಿಸೋಣ ಎಂದು ಸೋರುತ್ತಿದ್ದ ಒಂದೇ ಶಾಕ್ ಬದಲಾಯಿಸಿದೆ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ತಿರುವಿನಲ್ಲಿ ಹಿಂಭಾಗ ಒಂದು ಕಡೆಗೆ ವಾಲುವುದು ಸೀಟಿನಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಇನ್ನೊಂದನ್ನೂ ಹಾಕಿಸಿದೆ. ಶಾಕ್ ಯಾವಾಗಲೂ ಜೋಡಿಯಾಗಿ ಬದಲಾಯಿಸಿ ಮೇಡಂ, ಮುಂದಿನವು ಎರಡೂ ಅಥವಾ ಹಿಂದಿನವು ಎರಡೂ.

ಮಧುಗಿರಿಯಿಂದ

ನಾನು ಟ್ಯಾಕ್ಸಿ ಓಡಿಸುವವನು. ಬೆಳಿಗ್ಗೆ ಗಾಡಿ ಒರೆಸುವಾಗ ನಾಲ್ಕೂ ಟೈರಿನ ಮೇಲೆ ಅಂಗೈ ಸವರುವುದು ನನ್ನ ರೂಢಿ. ಮಟ್ಟಸವಾಗಿ ಸಿಗಬೇಕು. ಅಲ್ಲಲ್ಲಿ ತಗ್ಗು ಬಿದ್ದು ಅಲೆ ಅಲೆಯಾಗಿ ಸಿಕ್ಕರೆ ಶಾಕ್ ಮೇಲೆ ಅನುಮಾನ ಪಡಿ. ಮೇಲಿನಿಂದ ಕಣ್ಣಿಗೆ ಕಾಣುವುದು ಹೊರಅಂಚು ಮಾತ್ರ, ಒಳಅಂಚಿನಲ್ಲಿ ರಬ್ಬರ್ ಸವೆದು ಟೈರಿನೊಳಗಿನ ತಂತಿ ಹೊರಗೆ ಬಂದಿದ್ದರೂ ಗೊತ್ತಾಗುವುದಿಲ್ಲ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂದಿನ ಟೈರಿನ ಒಳಅಂಚು ಕಾಣುತ್ತದೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಿ.

ಇನ್ನೊಂದು ಮಾತು, ಅಕ್ಕಾ. ಬುಷ್, ಬಾಲ್ ಜಾಯಿಂಟ್ ವಿಷಯದಲ್ಲಿ ಅಗ್ಗದ ಲೋಕಲ್ ಮಾಲಿಗೆ ಹೋಗಬೇಡಿ. ನಾನು ಹಾಕಿಸಿದ್ದು ವರ್ಷ ತುಂಬುವ ಮೊದಲೇ ಮತ್ತೆ ಆಡತೊಡಗಿತು. ಬಿಚ್ಚುವ ಕೂಲಿ, ಜೋಡಿಸುವ ಕೂಲಿ, ಅಲೈನ್‌ಮೆಂಟ್ ಎಲ್ಲಾ ಎರಡೆರಡು ಸಲ ಕೊಟ್ಟೆ. ಹಿಂದಿನ ಸೀಟಿನಲ್ಲಿ ಜನ ನನ್ನನ್ನು ನಂಬಿ ನಿದ್ದೆ ಮಾಡುತ್ತಿರುತ್ತಾರೆ. ಅದಕ್ಕೇ ಈ ಸಾಮಾನುಗಳಲ್ಲಿ ಈಗ ಚೌಕಾಸಿ ಮಾಡುವುದಿಲ್ಲ.

ಗುಬ್ಬಿಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಮೂರನೆಯ ಗ್ಯಾರೇಜಿಗೆ ಹೋಗಿ, ಗಾಡಿ ಲಿಫ್ಟಿಗೆ ಹಾಕಿಸಿ ಪಕ್ಕದಲ್ಲೇ ನಿಂತುಕೊಂಡೆ. ರಾಡ್ ಕೊಟ್ಟು ಒತ್ತಿ ತೋರಿಸಿ ಎಂದು ನಾನೇ ಕೇಳಿದೆ. ಎಡಗಡೆ ಲೋಯರ್ ಆರ್ಮ್ ಬುಷ್ ಹರಿದಿತ್ತು. ಲಿಂಕ್ ರಾಡ್ ಎರಡೂ ಸಡಿಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಗಟ್ಟಿ ಇವೆ. ಶಾಕ್ ನಾಲ್ಕೂ ಒಣಗಿದ್ದವು, ಸೋರಿಕೆ ಇಲ್ಲ. "ಪೂರ್ತಿ ಬದಲಾಯಿಸಿ" ಎಂದವರ ಮಾತು ಕೇಳಿದ್ದರೆ ಬೇಡದ್ದಕ್ಕೆಲ್ಲ ದುಡ್ಡು ಹಾಕುತ್ತಿದ್ದೆ. "ಓಡಿಸಿ" ಎಂದವರ ಮಾತು ಕೇಳಿದ್ದರೆ ಅಪ್ಪ ಅಮ್ಮನನ್ನು ಆ ಹರಿದ ಬುಷ್ ಮೇಲೆ ದುರ್ಗ ಹತ್ತಿಸುತ್ತಿದ್ದೆ.

ಸ್ಟೇರಿಂಗ್ ತಿರುಗಿಸಿ ಟೈರ್ ನೋಡಿದೆ. ಒಳಗಡೆ ಒಂದು ಬೆರಳಗಲ ನುಣ್ಣಗಾಗಿ, ಎರಡು ಕಡೆ ತಂತಿ ಇಣುಕುತ್ತಿತ್ತು. ಮುಂದಿನ ಟೈರ್ ಎರಡನ್ನೂ ಹೊಸದು ಹಾಕಿಸಿದೆ. ಬುಷ್ ಎರಡೂ ಕಡೆಯದು ಬದಲಾಯಿಸಿದರು. ಕೊನೆಗೆ ಅಲೈನ್‌ಮೆಂಟ್. ಬೋಲ್ಟ್ ಬಿಗಿಯುವ ವಿಷಯ ಹೇಳಿದಾಗ ಆ ಹುಡುಗ "ಗೊತ್ತು ಮೇಡಂ" ಎಂದು ನಕ್ಕು, ಗಾಡಿ ಇಳಿಸಿದ ಮೇಲೆಯೇ ಬಿಗಿ ಮಾಡಿದ.

ಹಳೇ ಬುಷ್ ಕೇಳಿ ಇಸ್ಕೊಂಡು ಬಂದಿದ್ದೇನೆ. ಇವತ್ತು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಸೀಳು ತೋರಿಸಿದೆ. ಇಬ್ಬರು ಮೇಷ್ಟ್ರು ಸಂಜೆ ತಮ್ಮ ಗಾಡಿ ತೋರಿಸಲು ಅದೇ ಗ್ಯಾರೇಜಿಗೆ ಹೋಗಿದ್ದಾರೆ.