‘ಮಧ್ಯಂತರ ಶಬ್ದ’ ಎಂದರೆ ದೋಣಿ ನಡೆಸುವವನಿಗೆ ಏನು ತಿಳಿಯಬೇಕು?

ಬಲ್ಲವರಿಗೆ ನಮಸ್ಕಾರ.

ಎಚ್ಚರಿಕೆಯ ಸದ್ದಿನ ಮಟ್ಟಿಗೆ, ಇಂಗ್ಲಿಷಿನ ‘ಇಂಟರ್‌ಮಿಟೆಂಟ್’ ಎಂಬುದಕ್ಕೆ ನೀವು ಕನ್ನಡದಲ್ಲಿ ಏನು ಬರೆಯುತ್ತೀರಿ? ನಾನು ‘ಮಧ್ಯಂತರ’ ಎಂದು ಬರೆದೆ. ಅದು ತಪ್ಪೆಂದು ತಿಳಿದದ್ದು ಕಾಳಿ ನದಿಯ ಅಳಿವೆಯಲ್ಲಿ, ನೀರು ಇಳಿಯುವ ಹೊತ್ತಿನಲ್ಲಿ.

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಅಕ್ಕ-ಭಾವ, ರಜೆಯ ದಿನ ಮನೆಮಂದಿಯೊಡನೆ ನದಿಯಲ್ಲಿ ಸುತ್ತಾಡಲೆಂದು ಒಂದು ಸಣ್ಣ ಮೋಟಾರು ದೋಣಿ ಇಟ್ಟುಕೊಂಡಿದ್ದಾರೆ. ಹಿಂಬದಿಗೆ ಸಿಕ್ಕಿಸುವ ಎಂಜಿನ್, ಮೀನುಗಾರರು ‘ಓಬಿಎಂ’ ಎನ್ನುವ ಜಾತಿಯದು. ದೋಣಿ ನಡೆಸುವವನು ಅವರ ಮಗ. ಕೈಪಿಡಿಯಲ್ಲಿದ್ದ ಎಚ್ಚರಿಕೆ ಸದ್ದುಗಳ ಪುಟವನ್ನು ಕನ್ನಡಕ್ಕೆ ತಂದು, ನೀರು ತಾಗದಂತೆ ಹಾಳೆ ಹೊದಿಸಿ, ಸ್ಟೀರಿಂಗಿನ ಪಕ್ಕ ಅಂಟಿಸಿಕೊಟ್ಟವನು ನಾನು. ಈ ಸಂಕೇತಗಳು ಎಲ್ಲ ಎಂಜಿನ್ನುಗಳಲ್ಲೂ ಒಂದೇ ಅಲ್ಲ. ಇವರ ಎಂಜಿನ್ನಿನಲ್ಲಿ ಹಾರನ್ ಒಂದೇ ಸಮನೆ ಕೂಗಿದರೆ ಎಂಜಿನ್ ಮಿತಿಮೀರಿ ಕಾದಿದೆ, ಇಲ್ಲವೇ ಆಯಿಲ್ ಒತ್ತಡ ಕುಸಿದಿದೆ ಎಂದರ್ಥ. ಸಮ ಅಂತರದಲ್ಲಿ ತುಂಡು ತುಂಡಾಗಿ ಕೂಗಿದರೆ ಪೆಟ್ರೋಲಿನ ಫಿಲ್ಟರಿನಲ್ಲಿ ನೀರು ಸೇರಿದೆ ಎಂದರ್ಥ. ನನ್ನ ಹಾಳೆಯಲ್ಲಿ ಇವೆರಡು ‘ನಿರಂತರ ಶಬ್ದ’ ಮತ್ತು ‘ಮಧ್ಯಂತರ ಶಬ್ದ’ ಆಗಿದ್ದವು.

ಕಳೆದ ಭಾನುವಾರ ಅವರು ದೇವಬಾಗದ ಕಡೆ ಹೊರಟಿದ್ದರು. ಸದಾಶಿವಗಡದ ಗುಡ್ಡ ಬಲಕ್ಕಿದ್ದಾಗ ಹಾರನ್ ಕೂಗಿತು. ಹುಡುಗ ವೇಗ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಮತ್ತೆ ವೇಗ ಏರಿಸಿದ, ಮತ್ತೆ ಕೂಗಿತು. ಹೀಗೆ ಎರಡು ಮೂರು ಸಲ ಆದ ಮೇಲೆ ಹಾಳೆಯತ್ತ ನೋಡಿದ. ಕೂಗು ನಡುನಡುವೆ ನಿಲ್ಲುತ್ತಿದೆ, ಹಾಗಾದರೆ ಇದು ನಿರಂತರ ಅಲ್ಲ, ಮಧ್ಯಂತರ ಎಂದುಕೊಂಡ. ಲಂಗರು ಹಾಕಿ, ಎಂಜಿನ್ ನಿಲ್ಲಿಸಿ, ಫಿಲ್ಟರ್ ಬಿಚ್ಚಿದ. ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ. ಫಿಲ್ಟರ್ ಮತ್ತೆ ಕೂಡಿಸಿ ಎಂಜಿನ್ ಚಾಲೂ ಮಾಡಿದಾಗ ಅಕ್ಕನೇ ಹೇಳಿದಳು: “ಹಿಂದೆ ಬೀಳುವ ನೀರು ಬೀಳುತ್ತಿಲ್ಲವಲ್ಲೋ.”

ಈ ಎಂಜಿನ್ನು ತಾನು ನಿಂತ ನೀರನ್ನೇ ಹೀರಿ ತಣಿಯುತ್ತದೆ. ಅಡಿಭಾಗದಲ್ಲಿ ಜಾಲರಿ, ಅದರೊಳಗೆ ರಬ್ಬರ್ ಎಸಳುಗಳ ಒಂದು ಚಿಕ್ಕ ಚಕ್ರ. ಆ ಚಕ್ರ ಮೇಲಕ್ಕೆ ತಳ್ಳಿದ ನೀರಿನಲ್ಲಿ ಒಂದಿಷ್ಟು ಪೆನ್ಸಿಲ್ ಗಾತ್ರದ ಧಾರೆಯಾಗಿ ಹೊರಗೆ ಚಿಮ್ಮುತ್ತದೆ. ಧಾರೆ ನಿಂತಿತೆಂದರೆ ಮೊದಲು ಎಂಜಿನ್ ಆರಿಸಬೇಕು, ಆಮೇಲೆ ಉಳಿದ ಯೋಚನೆ. ಹುಡುಗ ಎಂಜಿನ್ ಆರಿಸಿ ಮೇಲಕ್ಕೆ ಎತ್ತಿ ನೋಡಿದರೆ, ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲವೊಂದು ಒದ್ದೆ ಬಟ್ಟೆಯಂತೆ ಜಾಲರಿಗೆ ಅಂಟಿಕೊಂಡಿತ್ತು. ಅದನ್ನು ಕಿತ್ತ ಮೇಲೂ ಧಾರೆ ನೂಲಿನಷ್ಟೇ ಬಂತು. ಮೆಲ್ಲಗೆ ದಡ ಸೇರಿದರು. ಮರುದಿನ ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ರಬ್ಬರ್ ಎಸಳುಗಳ ಅಂಚು, ನೀರಿಲ್ಲದೆ ತಿರುಗಿ, ಸುಟ್ಟು ಮುರುಟಿಹೋಗಿತ್ತು.

ಹುಡುಗನದು ತಪ್ಪಲ್ಲ. ‘ಮಧ್ಯಂತರ’ ಅವನಿಗೆ ಪತ್ರಿಕೆಯಿಂದ ಗೊತ್ತು: ಮಧ್ಯಂತರ ಜಾಮೀನು, ಮಧ್ಯಂತರ ಆದೇಶ, ಮಧ್ಯಂತರ ಚುನಾವಣೆ. ಅಲ್ಲೆಲ್ಲ ಅದು ‘ನಡುವಿನದು’. ಶಬ್ದಕ್ಕೆ ಹಚ್ಚಿದಾಗ ‘ನಡುವೆ ನಿಲ್ಲುವ ಶಬ್ದ’ ಎಂದು ಅವನು ಅರ್ಥ ಮಾಡಿಕೊಂಡದ್ದು ನ್ಯಾಯವೇ. ನಾನು ಹೇಳಬೇಕಿದ್ದುದು ಚಿಕ್ಕ ಚಿಕ್ಕ ಕೂಗು, ಸಮ ಅಂತರದಲ್ಲಿ, ತಾನಾಗಿಯೇ ಮರುಕಳಿಸುವುದು ಎಂದು. ವೇಗ ತಗ್ಗಿಸಿದ್ದಕ್ಕೆ ಸುಮ್ಮನಾಗಿ, ಏರಿಸಿದಾಗ ಮತ್ತೆ ಎದ್ದ ಕೂಗು ಮೊದಲನೆಯ ಬಗೆಯದೇ.

ಹಾಗಾದರೆ ಯಾವ ಪದ? ‘ಬಿಟ್ಟು ಬಿಟ್ಟು’ ನಾಲಿಗೆಗೆ ಮೊದಲು ಬರುತ್ತದೆ. ಆದರೆ ನಮ್ಮ ಕಡೆ ಬಿಟ್ಟು ಬಿಟ್ಟು ಬರುವುದು ಮಳೆ ಮತ್ತು ಜ್ವರ. ನಡುವಿನ ಬಿಡುವು ಗಳಿಗೆಯಾಗಬಹುದು, ಅರ್ಧ ದಿನವೂ ಆಗಬಹುದು. ‘ಆಗಾಗ’ ಇನ್ನೂ ಸಡಿಲ. ‘ನಿಂತು ನಿಂತು’ ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. “ಬಸ್ಸು ನಿಂತು ನಿಂತು ಹೋಗುತ್ತದೆ” ಎಂದರೆ ನಡುನಡುವೆ ನಿಲ್ಲುತ್ತದೆ. “ನಿಂತು ನಿಂತು ಕಾಲು ಸೋತಿತು” ಎಂದರೆ ಬಿಡುವಿಲ್ಲದೆ ನಿಂತದ್ದು. ಅದೇ ದ್ವಿರುಕ್ತಿ, ಅರ್ಥ ಮಾತ್ರ ಎದುರುಬದುರು. “ಹಾರನ್ ಕೂಗಿ ಕೂಗಿ ನಿಂತಿತು” ಎಂದು ಬರೆದರೂ ಇದೇ ತೊಡಕು. ಒಂಟಿಯಾಗಿ ದೋಣಿಯಲ್ಲಿರುವವನು ಎರಡು ಬಗೆಯಾಗಿ ಓದಬಹುದಾದ ಮಾತನ್ನು ಸ್ಟೀರಿಂಗಿನ ಪಕ್ಕ ಅಂಟಿಸಲು ನನಗೆ ಮನಸ್ಸಿಲ್ಲ.

‘ಮಿಡಿಯುವ ಸದ್ದು’ ಎಂದರೆ ಹೇಗೆ? ನಾಡಿಮಿಡಿತದಲ್ಲಿ ಸಮ ಅಂತರವೂ ಇದೆ, ಮರುಕಳಿಕೆಯೂ ಇದೆ. ಆದರೆ ಆರ್ಭಟಿಸುವ ಹಾರನ್ನಿಗೆ ‘ಮಿಡಿ’ ತೀರ ಮೆದುವಾಯಿತೇನೋ ಎಂಬ ಅಳುಕು.

ಸದ್ಯ ನಾನು ಒಲಿದಿರುವುದು ಅನುಕರಣಾವ್ಯಯದ ಕಡೆಗೆ. ಪಟಪಟ, ದಡದಡ ಎಂಬ ಮಾತುಗಳನ್ನು ಕತೆಗೆ ಬಿಟ್ಟು, ಸೂಚನಾಪತ್ರಗಳಿಂದ ನಾವು ದೂರ ಇಟ್ಟಿದ್ದೇವೆ. ಈ ಪ್ರಸಂಗದಲ್ಲಿ ಕಿವಿಗೆ ಬೀಳುವುದನ್ನು ಹಾಗೆಯೇ ಹಿಡಿದುಕೊಡಲು ಅವುಗಳಿಗಿಂತ ಹತ್ತಿರದ ಮಾತು ನನಗೆ ಕಾಣುತ್ತಿಲ್ಲ. ಹೊಸ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: “ಪೀ… ಎಂದು ಒಂದೇ ಸಮನೆ ಎಳೆದರೆ: ವೇಗ ತಗ್ಗಿಸು, ಹಿಂದಿನ ಧಾರೆ ನೋಡು, ಧಾರೆ ಇಲ್ಲದಿದ್ದರೆ ಎಂಜಿನ್ ಆರಿಸು. ವೇಗ ತಗ್ಗಿಸಿದಾಗ ಕೂಗು ನಿಂತರೂ ಇದೇ ಲೆಕ್ಕ. ಪೀಪ್, ಪೀಪ್, ಪೀಪ್ ಎಂದು ಎಣಿಸುವಂತೆ ಕೂಗಿದರೆ: ಫಿಲ್ಟರ್ ನೋಡು.” ‘ಎಣಿಸುವಂತೆ’ ಎಂಬುದನ್ನು ಸೂಚಿಸಿದವನು ಆ ಹುಡುಗನೇ, ನನಗೆ ಅದು ಬಹಳ ಹಿಡಿಸಿತು.

ಇನ್ನೊಂದು ಚಿಕ್ಕ ಪ್ರಶ್ನೆ. ಹಿಂದೆ ಚಿಮ್ಮುವ ಆ ನೀರಿಗೆ ಇಂಗ್ಲಿಷಿನಲ್ಲಿ ‘ಟೆಲ್‌ಟೇಲ್’ ಎನ್ನುತ್ತಾರೆ. ತೋರುಬೆರಳಿನ ಮಾದರಿಯಲ್ಲಿ ‘ತೋರುನೀರು’ ಎಂದರೆ ಕನ್ನಡದ ಕಿವಿಗೆ ಒಗ್ಗುತ್ತದೆಯೇ? ಹೊನ್ನಾವರ, ಭಟ್ಕಳ, ತದಡಿಯ ಕಡೆ ದೋಣಿ ನಡೆಸುವವರ ಬಾಯಲ್ಲಿ ಇದಕ್ಕೆ ಈಗಾಗಲೇ ಬೇರೆ ಹೆಸರಿದ್ದರೆ, ಕೊಂಕಣಿಯದಾದರೂ ಸರಿ, ದಯವಿಟ್ಟು ತಿಳಿಸಿ. ಹಾಳೆಯನ್ನು ಇನ್ನೂ ಅಂಟಿಸಿಲ್ಲ.